‘ಬಡಾವಣಿಗೆ ಏನ್ ಫಾಯದೇ?’: ಮಕ್ಕಳ ಸ್ಕೇಟಿಂಗ್ ಹಾಕಿ ಕ್ಲಬ್ ಕಟ್ಟಲು ಹೊರಟ ಪಾಲಕರಿಗೆ

ಪ್ರಶ್ನೆ: ನಾವು ಬೆಳಗಾವಿಯ ತಿಲಕವಾಡಿ ಕಡೆಯವರು. ನಮ್ಮ ಬಡಾವಣೆಯ ಹದಿನೈದಿಪ್ಪತ್ತು ಮಕ್ಕಳು ಸ್ಕೇಟಿಂಗ್ ಕಲಿತಿದ್ದಾರೆ. ಮೊಬೈಲಿನಲ್ಲಿ ಐಸ್ ಹಾಕಿ ನೋಡಿ ಈಗ ಅದೇ ಆಟ ಆಡಬೇಕೆಂದು ಹಟ ಹಿಡಿದಿದ್ದಾರೆ. ಗಾಲಿ ಸ್ಕೇಟಿನ ಮೇಲೆ ಆಡುವ ಹಾಕಿಯೂ ಇದೆಯೆಂದು ತಿಳಿದು, ನಾಲ್ಕಾರು ಪಾಲಕರು ಸೇರಿ ಮಕ್ಕಳ ಕ್ಲಬ್ ಕಟ್ಟಬೇಕೆಂದಿದ್ದೇವೆ. ಬಡಾವಣೆಯ ಸಂಘದ ಕೈಯಲ್ಲಿರುವ ಕಾಂಕ್ರೀಟ್ ಅಂಗಳವನ್ನು ಸಂಜೆ ಹೊತ್ತು ಬಿಟ್ಟುಕೊಡಿ ಎಂದು ಕೇಳಿದಾಗ ಹಿರಿಯರು, "ನಿಮ್ಮ ಹುಡುಗ್ರು ಆಡತಾರ, ಖರೆ. ಬಡಾವಣಿಗೆ ಏನ್ ಫಾಯದೇ?" ಎಂದರು. ಮಕ್ಕಳು ಬಿದ್ದು ಕೈಕಾಲು ಮುರಿದುಕೊಂಡರೆ ಹೊಣೆ ಯಾರು ಎಂದೂ ಕೇಳಿದರು. ಅವರಿಗೆ ಏನು ಹೇಳುವುದು? ಇಂಥ ಕ್ಲಬ್ಬಿನಿಂದ ಆಡುವ ಮಕ್ಕಳನ್ನು ಬಿಟ್ಟು ಉಳಿದವರಿಗೆ ನಿಜವಾಗಿಯೂ ಉಪಯೋಗ ಉಂಟೇ?

ಉತ್ತರ: ನಿಮ್ಮ ಹಿರಿಯರು ಕೇಳಿದ್ದು ಸರಿಯಾಗಿಯೇ ಇದೆ. ಎಲ್ಲ ಮನೆಗಳಿಗೂ ಸೇರಿದ ಜಾಗವನ್ನು ಇಪ್ಪತ್ತು ಮಕ್ಕಳಿಗೆ ಬಿಟ್ಟುಕೊಡುವಾಗ ಉಳಿದವರಿಗೆ ಏನು ಸಿಗುತ್ತದೆ ಎಂದು ಅವರು ಕೇಳಲೇಬೇಕು. ಉಪಯೋಗ ಖಂಡಿತ ಉಂಟು. ಆದರೆ ಆಟ ಶುರುವಾದ ಮಾತ್ರಕ್ಕೆ ಅದು ತಾನಾಗಿ ಬರುವುದಿಲ್ಲ. ಕ್ಲಬ್ಬಿನ ಬಾಗಿಲು ಯಾರಿಗೆ ತೆರೆದಿದೆ, ಸ್ಕೇಟು ಹೆಲ್ಮೆಟ್ಟುಗಳು ಯಾರ ಹೆಸರಲ್ಲಿವೆ, ಚಿಕ್ಕವರಿಗೆ ಕಲಿಸುವವರು ಯಾರು, ಹನ್ನೆರಡು ದಾಟಿದ ಹುಡುಗಿಯರು ಉಳಿಯುತ್ತಾರೋ ಬಿಡುತ್ತಾರೋ ಎಂಬುದರ ಮೇಲೆ ಎಲ್ಲ ನಿಂತಿದೆ. ಅದೇ ಅಂಗಳ, ಅದೇ ಮಕ್ಕಳು. ಒಂದು ರೀತಿ ನಡೆಸಿದರೆ ಅದು ಉಳ್ಳವರ ಮಕ್ಕಳ ಸಂಜೆ ಕ್ಲಾಸಾಗುತ್ತದೆ, ಇನ್ನೊಂದು ರೀತಿ ನಡೆಸಿದರೆ ಬಡಾವಣೆಗೇ ಬಲ ಬರುತ್ತದೆ. ಮಕ್ಕಳಿಗೆ ಆಟ ಕಲಿಸುತ್ತಲೇ ಬಂದವನಾದ್ದರಿಂದ ಎರಡೂ ತರಹದವನ್ನು ನೋಡಿದ್ದೇನೆ.

ಮೊದಲು ಆಟದ ಬಗ್ಗೆ ಎರಡು ಮಾತು. ಹಿರಿಯರ ಮುಂದೆ ವಿವರಿಸುವಾಗ ನಿಮಗೆ ಬೇಕಾಗುತ್ತದೆ. ಐಸ್ ಹಾಕಿಯಲ್ಲಿ ಗೋಲ್‌ಕೀಪರ್ ಸೇರಿ ಒಂದೊಂದು ಕಡೆ ಆರು ಜನ ಕಣದಲ್ಲಿರುತ್ತಾರೆ. ಸುಮಾರು 60 ಮೀಟರ್ ಉದ್ದದ ಮಂಜಿನ ಕಣ, ಸುತ್ತ ಹಲಗೆಯ ಗೋಡೆ. ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ: ಮೂರು ಇಂಚು ಅಗಲ, ಒಂದು ಇಂಚು ದಪ್ಪ, 160 ಗ್ರಾಂ ಆಸುಪಾಸಿನ ತೂಕ. ಗಾಲಿಯ ಮೇಲೆ ಆಡುವ ಇನ್‌ಲೈನ್ ಹಾಕಿಯಲ್ಲಿ ಗೋಲ್‌ಕೀಪರ್ ಬಿಟ್ಟು ನಾಲ್ವರು. ಪಕ್ ಹಗುರ, ಮೈಗೆ ಮೈ ಗುದ್ದಿ ಬೀಳಿಸುವಂತಿಲ್ಲ. ನಿಮ್ಮ ಅಂಗಳ ನುಣುಪಾಗಿದ್ದರೆ ಮಾತ್ರ ಪಕ್ ಜಾರುತ್ತದೆ. ಒರಟಾಗಿದ್ದರೆ ಅದು ಎದ್ದು ನಿಂತು ಉರುಳಲು ಶುರುಮಾಡುತ್ತದೆ, ಆಗ ಹೆಚ್ಚು ಪುಟಿಯದ ಚೆಂಡೇ ಒಳ್ಳೆಯದು. ಅಂಗಳದ ಯಾವುದಾದರೂ ಭಾಗಕ್ಕೆ ಶಹಾಬಾದಿ ಫರಸಿ ಹಾಸಿದ್ದರೆ ಅದರ ಸಂದುಗಳಲ್ಲಿ ಗಾಲಿ ಸಿಕ್ಕಿ ಮಕ್ಕಳು ಮುಗ್ಗರಿಸುತ್ತಾರೆ. ಗೌಂಡಿಯನ್ನು ಕರೆಸಿ ಸಂದು ತುಂಬಿಸಿದ ಮೇಲೆಯೇ ಆಟ. ಮಂಜುಗಡ್ಡೆ ಇಲ್ಲವೆಂದು ಮಕ್ಕಳು ಬೇಸರಪಟ್ಟುಕೊಳ್ಳಬೇಕಿಲ್ಲ, ಲಡಾಖಿನ ಐಸ್ ಹಾಕಿ ಆಟಗಾರರೂ ಬೇಸಿಗೆಯಲ್ಲಿ ಗಾಲಿ ಸ್ಕೇಟಿನ ಮೇಲೆ ಅಭ್ಯಾಸ ಮಾಡುತ್ತಾರೆ.

ಮಕ್ಕಳ ಐಸ್ ಹಾಕಿಯಿಂದ ಒಂದು ಸೀಮೆಗೆ ಏನೇನು ದಕ್ಕೀತು ಎಂದು ತೋರಿಸಲು ನಮ್ಮ ದೇಶದಲ್ಲಿ ಲಡಾಖಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅಲ್ಲಿ ಆಟ ಬೇರುಬಿಟ್ಟಿದ್ದು 1970ರ ದಶಕದಲ್ಲಿ, ಸೈನಿಕರ ನಡುವೆ. ಹಳೆಯ ಮಿಲಿಟರಿ ಬೂಟಿಗೆ ಲೋಹದ ಅಲಗು ಕಟ್ಟಿ ಸ್ಕೇಟ್ ಮಾಡಿಕೊಂಡ ಕಾಲ ಅದು. ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವ ನಾಡಿನಲ್ಲಿ ಹೊಲದ ಕೆಲಸ ನಿಂತಿರುತ್ತದೆ, ಶಾಲೆಗೆ ರಜೆ, ಪ್ರವಾಸಿಗರೂ ವಿರಳ. ಆ ಖಾಲಿ ತಿಂಗಳುಗಳನ್ನು ಆಟ ತುಂಬಿತು. ಕಣ ಮಾಡುವ ಬಗೆ ನೋಡಿ. ಸಮತಟ್ಟಾದ ಜಾಗಕ್ಕೆ ರಾತ್ರಿಯ ಕೊರೆಯುವ ಚಳಿಯಲ್ಲಿ ನೀರು ಹಾಯಿಸುತ್ತಾರೆ. ತೆಳ್ಳಗೆ ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಒಮ್ಮೆಗೇ ಹೆಚ್ಚು ನೀರು ಬಿಟ್ಟರೆ ಮಂಜು ಸಮನಾಗಿ ಕೂರುವುದಿಲ್ಲ. ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ ಅದು, ಊರವರೇ ಪಾಳಿ ಹಾಕಿಕೊಂಡು ಮಾಡಬೇಕು. ರಾತ್ರಿ ನೀರು ಹೊತ್ತವನು ಹಗಲು ಆಟ ನೋಡಲು ಬಂದೇ ಬರುತ್ತಾನೆ, ತನ್ನ ಮಗ ಆಡದಿದ್ದರೂ.

ಹುಡುಗಿಯರ ಕಥೆ ಇನ್ನೂ ದೊಡ್ಡದು. ಹುಡುಗರ ಆಟ ಮುಗಿದ ಮೇಲೆ ಕಣ ಸಿಕ್ಕರೆ ಸಿಕ್ಕಿತು ಎಂಬ ಸ್ಥಿತಿಯಲ್ಲಿ, ಇನ್ನೊಬ್ಬರ ಸ್ಕೇಟು ಕಡ ಪಡೆದು ಆಡಿದವರು ಅವರು. ಭಾರತದ ಐಸ್ ಹಾಕಿ ಸಂಸ್ಥೆ ಅಂತರರಾಷ್ಟ್ರೀಯ ಒಕ್ಕೂಟ ಸೇರಿದ್ದು 1989ರಲ್ಲಿ. ಮಹಿಳಾ ತಂಡ ಮೊದಲ ಅಂತರರಾಷ್ಟ್ರೀಯ ಟೂರ್ನಿಗೆ ಹೋಗಲು 2016ರವರೆಗೆ ಕಾಯಬೇಕಾಯಿತು, ಅದೂ ಜನರಿಂದ ಚಂದಾ ಎತ್ತಿ. ಮರುವರ್ಷ ಬ್ಯಾಂಕಾಕಿನಲ್ಲಿ ಫಿಲಿಪ್ಪೀನ್ಸ್ ವಿರುದ್ಧ ಮೊದಲ ಗೆಲುವು ಬಂತು. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದರು. ಆ ತಂಡದ ಬಹುಪಾಲು ಆಟಗಾರ್ತಿಯರು ಲಡಾಖ್, ಹಿಮಾಚಲದಂಥ ಗುಡ್ಡಗಾಡಿನವರು. ಪದಕಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಅವರು ಊರಿಗೆ ಮರಳಿ ಹಳ್ಳಿಯ ಹುಡುಗಿಯರಿಗೆ ಆಟ ಕಲಿಸತೊಡಗಿದ್ದು.

ಇದರಲ್ಲಿ ಬೆಳಗಾವಿಗೆ ಹೊಸದೇನೂ ಇಲ್ಲ ಎಂದು ನಿಮ್ಮ ಹಿರಿಯರಿಗೆ ನೀವೇ ನೆನಪಿಸಬಹುದು. ನಮ್ಮ ತಾಲೀಮುಗಳು, ಅಂದರೆ ಗರಡಿಮನೆಗಳು, ನಡೆದದ್ದು ಹೀಗೆಯೇ. ಕುಸ್ತಿ ಕಲಿಯಲು ಬಂದ ಪೋರ ಮೊದಲು ಕೈಯಲ್ಲಿ ಸಲಿಕೆ ಹಿಡಿಯುತ್ತಿದ್ದ. ಎಣ್ಣೆ, ಮಜ್ಜಿಗೆ, ಅರಿಷಿಣ ಬೆರೆಸಿದ ಕೆಮ್ಮಣ್ಣನ್ನು ಹದ ಮಾಡಿ, ಕಲ್ಲು ಆಯ್ದು, ಆಮೇಲೆ ಉಸ್ತಾದರ ಮುಂದೆ ನಿಲ್ಲುತ್ತಿದ್ದ. ದೊಡ್ಡ ಪೈಲ್ವಾನ ಚಿಕ್ಕವನಿಗೆ ಪಟ್ಟು ಹೇಳಿಕೊಡುವುದು ಅಲ್ಲಿ ಉಪಕಾರವಾಗಿರಲಿಲ್ಲ, ಪದ್ಧತಿಯಾಗಿತ್ತು. ಓಣಿಯ ಯಾವ ಹುಡುಗ ಎಲ್ಲಿ ದಾರಿ ತಪ್ಪುತ್ತಿದ್ದಾನೆ ಎನ್ನುವುದು ಅಪ್ಪನಿಗಿಂತ ಮೊದಲು ತಾಲೀಮಿನವರಿಗೆ ಗೊತ್ತಾಗುತ್ತಿತ್ತು. ನೀವು ಕಟ್ಟುವ ಕ್ಲಬ್ಬು ಈ ಪದ್ಧತಿಯನ್ನು ಗಾಲಿಯ ಮೇಲೆ ತಂದರೆ ಹಿರಿಯರ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದ ಹಾಗೆ.

ಅದು ಹೇಗೆ ಕಾಣುತ್ತದೆ ಎಂದು ಒಂದು ಉದಾಹರಣೆ ಕೊಡುತ್ತೇನೆ. ಇನ್‌ಲೈನ್ ಹಾಕಿ ಸ್ಕೇಟಿನಲ್ಲಿ ಕಾಲಿಗೆ ನಾಲ್ಕು ಗಾಲಿ, ಗಾಲಿಗೆ ಎರಡು ಬೇರಿಂಗು, ಜೋಡಿಗೆ ಹದಿನಾರು. ಬೆಳಗಾವಿಯ ಮಳೆಗಾಲ ನಿಮಗೆ ಗೊತ್ತಿದ್ದದ್ದೇ. ಒಂದು ಸಂಜೆ ಒದ್ದೆ ನೆಲದಲ್ಲಿ ಓಡಿ, ಒರೆಸದೆ ಚೀಲಕ್ಕೆ ತುರುಕಿದರೆ ವಾರದೊಳಗೆ ಬೇರಿಂಗಿಗೆ ತುಕ್ಕು ಹಿಡಿದು ಗಾಲಿ ಗರಗರ ಅನ್ನುತ್ತದೆ. ಅದಕ್ಕಾಗಿ ತಿಂಗಳಿಗೊಮ್ಮೆ ಮಕ್ಕಳು ಹಳೆಯ ಪೇಪರು ಹಾಸಿಕೊಂಡು ಕುಳಿತು ಸ್ಕೇಟು ಬಿಚ್ಚಬೇಕು. ಅಲೆನ್ ಕೀಯಿಂದ ಆಕ್ಸಲ್ ಸಡಿಲಿಸಿ, ಗಾಲಿ ಹೊರತೆಗೆದು, ಬೇರಿಂಗು ತಳ್ಳಿ, ಸೀಮೆಎಣ್ಣೆ ಇರುವ ಡಬ್ಬಿಯಲ್ಲಿ ಅಲ್ಲಾಡಿಸಿ, ಬಟ್ಟೆಯ ಮೇಲೆ ಒಣಗಿಸಿ, ಒಂದೊಂದು ಹನಿ ಎಣ್ಣೆ ಬಿಟ್ಟು ಬೆರಳ ಮೇಲೆ ತಿರುಗಿಸಿ ನೋಡುವುದು. ಸೀಮೆಎಣ್ಣೆ ಡಬ್ಬಿಯ ಬಳಿ ದೊಡ್ಡವರೊಬ್ಬರು ಕೂತಿರಲಿ. ಏಳು ವರ್ಷದವನಿಗೆ ಯಾವ ಗಾಲಿ ಎಲ್ಲಿತ್ತು ಎನ್ನುವುದೇ ಮರೆತಿರುತ್ತದೆ. ಒಳಗಡೆ ಸವೆದ ಗಾಲಿಯನ್ನು ಮಗುಚಿ ಹಾಕಬೇಕು, ಮುಂದಿನದನ್ನು ಹಿಂದಕ್ಕೆ ಬದಲಿಸಬೇಕು ಎಂದು ಹನ್ನೆರಡರ ಹುಡುಗಿ ಅವನ ಪಕ್ಕ ಕುಳಿತು ತೋರಿಸುತ್ತಾಳೆ. ಅವಳಿಗೆ ಅವನು ತಮ್ಮನೂ ಅಲ್ಲ, ಅವಳ ಶಾಲೆಯವನೂ ಅಲ್ಲ. ನಮ್ಮ ಮಕ್ಕಳು ಶಾಲೆಯಲ್ಲಿ ತಮ್ಮದೇ ವಯಸ್ಸಿನವರ ಜೊತೆ ಕೂರುತ್ತಾರೆ, ಟ್ಯೂಷನ್ನಿನಲ್ಲೂ ಅಷ್ಟೇ, ಮನೆಗೆ ಬಂದರೆ ಒಬ್ಬರೋ ಇಬ್ಬರೋ. ತನಗಿಂತ ಐದು ವರ್ಷ ಚಿಕ್ಕವನ ಹೊಣೆ ಹೊರುವ ಅವಕಾಶ ಅವರಿಗೆ ಇನ್ನೆಲ್ಲಿದೆ?

ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶ ಇರುವ ಊರಿನಲ್ಲಿ ಬೇರಿಂಗು, ಆಕ್ಸಲ್, ಅಲೆನ್ ಕೀ ಯಾರಿಗೂ ಹೊಸದಲ್ಲ. ಫೌಂಡ್ರಿಯಲ್ಲಿ, ಮಷಿನ್ ಶಾಪಿನಲ್ಲಿ ದುಡಿಯುವ ಅಪ್ಪಂದಿರು ನಿಮ್ಮ ಬಡಾವಣೆಯಲ್ಲೂ ಇದ್ದೇ ಇರುತ್ತಾರೆ. ಗೋಲಿನ ಚೌಕಟ್ಟು ಆರಡಿ ಅಗಲ, ನಾಲ್ಕಡಿ ಎತ್ತರದ ಪೈಪು ಕೆಲಸ, ಅಷ್ಟೆ. ಕೊಳ್ಳುವ ಬದಲು ಅವರಲ್ಲೊಬ್ಬರನ್ನು ಕೇಳಿ ವೆಲ್ಡಿಂಗ್ ಮಾಡಿಸಿ. ಸಭೆ ಸಮಾರಂಭಕ್ಕೆ ಬಾರದ, ಬಂದರೂ ಹಿಂದಿನ ಸಾಲಿನಲ್ಲಿ ಕೂತು ಎದ್ದುಹೋಗುವ ಅಪ್ಪ ತನ್ನ ಕೈಕೆಲಸಕ್ಕೆ ಬೆಲೆ ಸಿಕ್ಕಾಗ ಸಂಘದ ಕೆಲಸಕ್ಕೂ ಬರತೊಡಗುತ್ತಾನೆ.

ಭಾಷೆಯ ಮಾತನ್ನೂ ಆಡಿಬಿಡುತ್ತೇನೆ, ಬೆಳಗಾವಿಯಲ್ಲಿದ್ದು ಅದನ್ನು ಬಿಟ್ಟರೆ ಉತ್ತರ ಪೂರ್ತಿಯಾಗದು. ನಮ್ಮೂರಿನ ಮಕ್ಕಳು ಕನ್ನಡ ಶಾಲೆ, ಮರಾಠಿ ಶಾಲೆ, ಉರ್ದು ಶಾಲೆ, ಇಂಗ್ಲಿಷ್ ಶಾಲೆ ಎಂದು ಬೆಳಿಗ್ಗೆಯೇ ಬೇರೆ ಬೇರೆ ಬಸ್ಸು ಹತ್ತುತ್ತಾರೆ. ಸಂಜೆ ಒಂದೇ ತಂಡಕ್ಕೆ ಐದು ಜನ ಬೇಕೆಂದರೆ ಆ ಐವರು ಒಂದೇ ಶಾಲೆಯವರಾಗಿರಲು ಸಾಧ್ಯವಿಲ್ಲ. ವೇಗವಾಗಿ ಜಾರುತ್ತಿರುವಾಗ "ಇಕಡ ಕೊಡೋ", "ಇಕಡೇ ದೇ" ಎರಡೂ ಒಂದೇ ಉಸಿರಿನಲ್ಲಿ ಕೇಳುತ್ತವೆ, ಚೆಂಡು ಸರಿಯಾದ ಕಡೆಗೇ ಹೋಗುತ್ತದೆ. ಮಕ್ಕಳ ಸ್ನೇಹದ ಹಿಂದೆಯೇ ಅಮ್ಮಂದಿರ ಪರಿಚಯವಾಗುತ್ತದೆ, ಡಬ್ಬಿಯಲ್ಲಿ ಕಡಬು ಹೋಗಿ ಶೀರ್‌ಖುರ್ಮಾ ಬರುತ್ತದೆ. ದೊಡ್ಡವರು ಕಟ್ಟಿದ ಗೋಡೆಗಳನ್ನು ಮಕ್ಕಳ ಕ್ಲಬ್ಬು ಒಡೆಯುತ್ತದೆ ಎಂದು ನಾನು ಹೇಳಲಾರೆ, ಅಷ್ಟು ಭಾರ ಅದರ ಮೇಲೆ ಹೊರಿಸುವುದೂ ತಪ್ಪು. ಆದರೆ ಊರಿನಲ್ಲಿ ಬಿಸಿ ಏರಿದ ದಿನ ಒಬ್ಬರಿಗೊಬ್ಬರು ಫೋನ್ ಮಾಡಿ "ಮಕ್ಕಳನ್ನ ನಾ ಕರಕೊಂಡು ಬರತೀನ್ರೀ, ನೀವು ಗಾಬರಿ ಆಗಬ್ಯಾಡ್ರಿ" ಎನ್ನುವ ನಾಲ್ಕು ಮನೆಗಳು ಹೆಚ್ಚಾದರೆ ಅದು ಸಣ್ಣ ಲಾಭವಲ್ಲ.

ದುಶ್ಚಟದಿಂದ ದೂರ ಇಡುತ್ತದೆಯೇ ಎಂದು ಹಿರಿಯರು ಕೇಳಿಯೇ ಕೇಳುತ್ತಾರೆ. ಇಲ್ಲಿ ಮಾತು ತೂಗಿ ಆಡಬೇಕು. ಐಸ್‌ಲ್ಯಾಂಡ್ ದೇಶದ ಅನುಭವ ಹೆಸರಾದದ್ದು. 1998ರಲ್ಲಿ ಅಲ್ಲಿ 15–16 ವಯಸ್ಸಿನವರಲ್ಲಿ ಶೇ 42ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಮತ್ತರಾಗಿದ್ದೆವು ಎಂದಿದ್ದರು. 2016ರ ಹೊತ್ತಿಗೆ ಅದು ಶೇ 5ಕ್ಕೆ ಇಳಿಯಿತು. ಕ್ರೀಡಾ ಕ್ಲಬ್, ಸಂಗೀತ, ಕಲೆಗೆ ಸೇರಲು ಮನೆಗಳಿಗೆ ಸರ್ಕಾರ ಮತ್ತು ನಗರಾಡಳಿತ ಹಣ ಕೊಟ್ಟವು. ಅದಕ್ಕಿಂತ ಮುಖ್ಯವಾಗಿ ಪಾಲಕರು ಒಟ್ಟಾದರು. ಯಾರ ಮಕ್ಕಳೂ ತಡರಾತ್ರಿ ಹೊರಗಿರಕೂಡದೆಂದು ತಮ್ಮಲ್ಲೇ ಒಪ್ಪಂದ ಮಾಡಿಕೊಂಡು, ರಾತ್ರಿ ಬಡಾವಣೆಯಲ್ಲಿ ಸುತ್ತು ಹಾಕಿದರು. ಆಟ ಒಂದೇ ಆ ಕೆಲಸ ಮಾಡಲಿಲ್ಲ. ಎಷ್ಟೋ ದೇಶಗಳಲ್ಲಿ ಗೆದ್ದ ತಂಡದ ಪಾರ್ಟಿಯಲ್ಲೇ ಹುಡುಗರು ಮೊದಲ ಸಲ ಕುಡಿಯುತ್ತಾರೆ ಎನ್ನುವುದೂ ಅಷ್ಟೇ ನಿಜ. ಹಾಗಾಗಿ ಕ್ಲಬ್ಬಿನಲ್ಲಿ ದೊಡ್ಡವರು ಇರಬೇಕು, ಆ ದೊಡ್ಡವರು ಒಬ್ಬರಿಗೊಬ್ಬರು ಪರಿಚಯವಿರಬೇಕು. ದಿನಕ್ಕೆ ಇಬ್ಬರು ಪಾಲಕರು ಅಂಗಳದಲ್ಲಿ ಇರುವಂತೆ ಪಾಳಿ ಹಾಕಿ, ಅಜ್ಜ ಅಜ್ಜಿಯರನ್ನೂ ಪಾಳಿಗೆ ಸೇರಿಸಿ. ಕಟ್ಟೆಯ ಮೇಲೆ ಕೂತು ಹಾಜರಿ ಬರೆಯುವ ಅಜ್ಜಿಗೆ ಮೂರು ದಿನ ಬಾರದ ಹುಡುಗನ ಸುದ್ದಿ ತರಬೇತುದಾರನಿಗಿಂತ ಮೊದಲು ಸಿಕ್ಕಿರುತ್ತದೆ.

ಇನ್ನು ಎಲ್ಲಕ್ಕಿಂತ ಕಠಿಣವಾದದ್ದು ಸಾಮಾನು. ಸ್ಕೇಟು, ಕೋಲು, ಮುಖಜಾಲರಿ ಇರುವ ಹೆಲ್ಮೆಟ್ಟು, ಮೊಣಕಾಲು ಮೊಣಕೈ ಪ್ಯಾಡು, ಕೈಗವಸು, ಹಲ್ಲಿನ ರಕ್ಷೆ. ಎಲ್ಲ ಕೂಡಿಸಿದರೆ ತಿಂಗಳ ಸಂಬಳ ನಂಬಿದ ಮನೆಗೆ ನುಂಗಲಾರದ ತುತ್ತು. ಗೋಲ್‌ಕೀಪರ್ ಸಾಮಾನಂತೂ ಉಳಿದವರದ್ದರ ಎಷ್ಟೋ ಪಟ್ಟು. ಐಸ್ ಹಾಕಿ ಹುಟ್ಟಿ ಬೆಳೆದ ಕೆನಡಾದಲ್ಲೇ ಖರ್ಚಿನ ಭಯಕ್ಕೆ ಮಕ್ಕಳನ್ನು ಆಟಕ್ಕೆ ಕಳಿಸದ ಮನೆಗಳು ಬೇಕಾದಷ್ಟಿವೆ. ಇದನ್ನು ಬಿಡಿಸದೆ ಕ್ಲಬ್ಬು ಶುರುಮಾಡಿದರೆ, ಕಾಲೇಜು ಮೇಷ್ಟ್ರ ಮಗ ಆಡುತ್ತಾನೆ, ಅದೇ ಬಡಾವಣೆಯ ವಾಚಮನ್ ಮಗ ಕಂಪೌಂಡಿನ ಆಚೆ ನಿಂತು ನೋಡುತ್ತಾನೆ. ಆಗ ಹಿರಿಯರು "ನಿಮ್ಮ ಹುಡುಗ್ರು" ಎಂದಿದ್ದು ಅಕ್ಷರಶಃ ನಿಜವಾಗುತ್ತದೆ.

ದಾರಿ ಇದೆ. ಮೊದಲ ದಿನದಿಂದಲೇ ಸಾಮಾನು ಕ್ಲಬ್ಬಿನ ಹೆಸರಿನಲ್ಲಿರಲಿ. ಬೆಳೆಯುವ ಮಗುವಿನ ಪಾದಕ್ಕೆ ಒಂದು ಸ್ಕೇಟು ವರ್ಷ ಬಂದರೆ ಹೆಚ್ಚು. ಪ್ರತಿ ಮನೆಯ ಅಟ್ಟದಲ್ಲೂ ಹಾಗೆ ಬಿಗಿಯಾದ ಒಂದು ಜೋಡಿ ಧೂಳು ತಿನ್ನುತ್ತಿರುತ್ತದೆ. ಸ್ಕೇಟಿಂಗಿಗೆ ಹೆಸರಾದ ಊರು ನಮ್ಮದು, ಇಲ್ಲಿ ಹಳೆಯ ಸ್ಕೇಟಿಗೇನು ಬರ? ಅವನ್ನು ಕೇಳಿ ತಂದು, ಅಳತೆಯ ಸಂಖ್ಯೆ ಬರೆದು, ಒಂದು ಕಪಾಟಿನಲ್ಲಿ ಜೋಡಿಸಿ, ರಿಜಿಸ್ಟರ್ ಇಟ್ಟು ಮಕ್ಕಳಿಗೆ ಕೊಟ್ಟು ತೆಗೆದುಕೊಳ್ಳಿ. ಪಾದ ಬೆಳೆದಂತೆ ಹಳೆಯದು ಕೊಟ್ಟು ಮುಂದಿನ ಅಳತೆ ಒಯ್ಯಬೇಕು. ಸ್ವಂತ ಹೊಸ ಸ್ಕೇಟು ತರುವ ಮಗುವೂ ಬಿಗಿಯಾದ ಮೇಲೆ ಕಪಾಟಿಗೇ ಕೊಡಬೇಕೆಂಬ ನಿಯಮ ಇರಲಿ. ಹೆಲ್ಮೆಟ್ಟು ಮಾತ್ರ ಹಳೆಯದು ತೆಗೆದುಕೊಳ್ಳುವಾಗ ಎಚ್ಚರ. ಬಿರುಕು ಬಿಟ್ಟದ್ದು, ಜೋರು ಪೆಟ್ಟು ತಿಂದದ್ದು, ಒಳಗಿನ ಮೆತ್ತೆ ಪುಡಿಯಾದದ್ದು ಬೇಡವೇ ಬೇಡ. ಶುಲ್ಕ ಕೊಡಲಾಗದ ಮನೆಯ ಹೆಸರು ಖಜಾಂಚಿ ಒಬ್ಬರಿಗೇ ಗೊತ್ತಿರಲಿ. ಯಾರು ಪುಕ್ಕಟೆ ಆಡುತ್ತಿದ್ದಾರೆ ಎನ್ನುವುದು ಮಕ್ಕಳ ಕಿವಿಗೆ ಬಿದ್ದರೆ ಆ ಮಗು ಮರುದಿನ ಬರುವುದಿಲ್ಲ.

ಎರಡನೆಯ ಅಪಾಯ ಆಯ್ಕೆಯ ಗೀಳು. ಆರು ತಿಂಗಳಾಗುತ್ತಲೇ ಯಾರಾದರೊಬ್ಬರು ‘ಒಳ್ಳೆಯ ಎಂಟು ಹುಡುಗರನ್ನು ಆರಿಸಿ ಟೂರ್ನಮೆಂಟಿಗೆ ಒಯ್ಯೋಣ’ ಎನ್ನುತ್ತಾರೆ. ರೋಜರ್ ಬಾರ್ನ್ಸ್‌ಲೀ ಎಂಬ ಮನೋವಿಜ್ಞಾನಿ 1980ರ ದಶಕದಲ್ಲಿ ಕೆನಡಾದ ಯುವ ಐಸ್ ಹಾಕಿ ತಂಡಗಳ ಹುಟ್ಟಿದ ತಿಂಗಳು ಲೆಕ್ಕ ಹಾಕಿದಾಗ, ಜನವರಿಯಿಂದ ಮಾರ್ಚ್ ನಡುವೆ ಹುಟ್ಟಿದವರೇ ಎದ್ದು ಕಾಣುವಷ್ಟು ಹೆಚ್ಚಿದ್ದರು. ಅಲ್ಲಿ ವಯೋಮಿತಿಯ ಲೆಕ್ಕ ಜನವರಿ 1ಕ್ಕೆ. ಎಂಟರ ವಯಸ್ಸಿನಲ್ಲಿ ಹತ್ತು ತಿಂಗಳ ಅಂತರವೆಂದರೆ ಎತ್ತರದಲ್ಲಿ, ಕಸುವಿನಲ್ಲಿ ಕಣ್ಣಿಗೆ ಕಾಣುವ ಅಂತರ. ತರಬೇತುದಾರ ಅದನ್ನು ಪ್ರತಿಭೆ ಎಂದುಕೊಂಡು ಆರಿಸುತ್ತಾನೆ, ಆಯ್ಕೆಯಾದವನಿಗೆ ಹೆಚ್ಚು ಅಭ್ಯಾಸ ಸಿಗುತ್ತದೆ, ವರ್ಷಾಂತ್ಯದಲ್ಲಿ ಹುಟ್ಟಿದವನು ತನಗೆ ಆಟ ಬರುವುದಿಲ್ಲವೆಂದು ಮನೆ ಸೇರುತ್ತಾನೆ. ನಾರ್ವೆಯವರು ಇದಕ್ಕೆ ಕಟ್ಟುನಿಟ್ಟು ಮಾಡಿದ್ದಾರೆ. ಮಕ್ಕಳ ಕ್ರೀಡಾ ಹಕ್ಕು ಎಂಬ ನಿಯಮಾವಳಿಯ ಪ್ರಕಾರ 11 ವರ್ಷಕ್ಕೆ ಮುಂಚೆ ಫಲಿತಾಂಶ ಪಟ್ಟಿ, ರ‍್ಯಾಂಕು ಇಲ್ಲ. ರಾಷ್ಟ್ರೀಯ ಚಾಂಪಿಯನ್‌ಷಿಪ್ 13ರ ನಂತರವೇ. ಹಾಗೆಂದು ಅವರು ಹಿಂದೆ ಬಿದ್ದಿಲ್ಲ, 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 39 ಪದಕ ಗೆದ್ದು ಮೊದಲ ಸ್ಥಾನದಲ್ಲಿದ್ದವರು ಅವರೇ. ನಿಮ್ಮಲ್ಲೂ ಹನ್ನೊಂದರವರೆಗೆ ಬಂದವರೆಲ್ಲ ಸರಿಸಮ ಹೊತ್ತು ಆಡಲಿ. ತಂಡಗಳನ್ನು ವಾರವಾರ ಕಲಸಿ.

ಹುಡುಗಿಯರ ವಿಷಯಕ್ಕೆ ಬಂದರೆ, ಎಂಟು ಹತ್ತರ ವಯಸ್ಸಿನಲ್ಲಿ ಅವರು ಹುಡುಗರಷ್ಟೇ ಇರುತ್ತಾರೆ. ಹನ್ನೆರಡು ಹದಿಮೂರಕ್ಕೆ ಒಬ್ಬೊಬ್ಬರೇ ಕಾಣೆಯಾಗುತ್ತಾರೆ. ಕಾರಣ ಕೇಳಿದರೆ ಅಭ್ಯಾಸ, ಟ್ಯೂಷನ್ನು ಎನ್ನುತ್ತಾರೆ. ಸುತ್ತ ಕಣ್ಣಾಡಿಸಿದರೆ ನಿಜವಾದ ಕಾರಣ ಕಾಣುತ್ತದೆ. ಅಂಗಳದ ಹತ್ತಿರ ಬಾಗಿಲಿಗೆ ಚಿಲಕ ಇರುವ ಶೌಚಾಲಯ ಇರುವುದಿಲ್ಲ, ಪ್ಯಾಡು ಕಟ್ಟಿಕೊಳ್ಳಲು ಮರೆ ಇರುವುದಿಲ್ಲ, ಮನೆಗೆ ಹೋಗುವ ದಾರಿಯಲ್ಲಿ ಬೀದಿದೀಪ ಇರುವುದಿಲ್ಲ, ಹೇಳಿಕೊಳ್ಳಲು ಒಬ್ಬ ಹೆಂಗಸೂ ಇರುವುದಿಲ್ಲ. ಸಂಘದ ಕಚೇರಿಯ ಶೌಚಾಲಯದ ಕೀಲಿಯನ್ನು ಸಂಜೆ ಹೊತ್ತು ಕೊಡಿ ಎಂದು ಅಂಗಳದ ಜೊತೆಗೇ ಕೇಳಿ. ಹುಡುಗಿಯರ ಆಟ ಮೊದಲ ಪಾಳಿಯಲ್ಲಿ ಮುಗಿಯಲಿ, ಕತ್ತಲಾದ ಮೇಲೆ ಹುಡುಗರು ಆಡಿಕೊಳ್ಳಲಿ. ಕಲಿಸುವವರಲ್ಲಿ ಒಬ್ಬರಾದರೂ ಹೆಣ್ಣುಮಗಳಿರಲಿ. ಹಿಂದೆ ಸ್ಕೇಟಿಂಗ್ ಮಾಡಿ ಮದುವೆಯಾದ ಮೇಲೆ ಬಿಟ್ಟವರು ನಿಮ್ಮ ಸುತ್ತಲೇ ಇದ್ದಾರೆ, ಕೇಳಿದರೆ ಬರುತ್ತಾರೆ. ನಿಮ್ಮ ಬಡಾವಣೆಯ ಹದಿನೈದರ ಹುಡುಗಿಯರು ಸಂಜೆ ಏಳಕ್ಕೆ ಆಡಿ ಬೆವರು ಒರೆಸಿಕೊಳ್ಳುತ್ತ ನಿರ್ಭಯವಾಗಿ ಮನೆಗೆ ನಡೆದು ಬರುವಂತಾದರೆ, ಆ ರಸ್ತೆ ಎಲ್ಲ ಹೆಂಗಸರಿಗೂ ಸುರಕ್ಷಿತವಾಗಿದೆ ಎಂದೇ ಅರ್ಥ. ನನ್ನ ಮಟ್ಟಿಗೆ ಒಂದು ಮಕ್ಕಳ ಕ್ಲಬ್ಬು ಊರಿಗೆ ಮಾಡಬಹುದಾದ ಅತಿ ದೊಡ್ಡ ಉಪಕಾರ ಇದು.

ಕೈಕಾಲು ಮುರಿಯುವ ಭಯಕ್ಕೆ ನೇರ ಉತ್ತರ ಕೊಡಿ: ಮಕ್ಕಳು ಬೀಳುತ್ತಾರೆ. ಆದ್ದರಿಂದ ಮೊದಲ ವಾರ ಕಲಿಸಬೇಕಾದದ್ದು ಬೀಳುವುದನ್ನೇ. ಹಿಂದಕ್ಕೆ ವಾಲದೆ ಮುಂದಕ್ಕೆ ಕುಕ್ಕರಿಸಿ ಮೊಣಕಾಲ ಪ್ಯಾಡಿನ ಮೇಲೆ ಜಾರುವುದು, ನೆಲಕ್ಕೆ ಬಿದ್ದೊಡನೆ ಬೆರಳು ಮಡಿಚಿ ಮುಷ್ಟಿ ಕಟ್ಟುವುದು, ಹಿಂದೆ ಬರುವವರ ಗಾಲಿ ಬೆರಳ ಮೇಲೆ ಹಾಯದಿರಲಿ ಎಂದು. ಕೋಲು ಸೊಂಟಕ್ಕಿಂತ ಮೇಲೆ ಎತ್ತಿದವರು ಆ ಹೊತ್ತು ಹೊರಗೆ. ಡಿಕ್ಕಿ ಹೊಡೆಯುವುದಂತೂ ಇಲ್ಲವೇ ಇಲ್ಲ. ಐಸ್ ಹಾಕಿಯ ತವರಾದ ಕೆನಡಾ ಕೂಡ 2013ರಲ್ಲಿ ಹದಿಮೂರರ ಒಳಗಿನ ಮಕ್ಕಳ ಆಟದಲ್ಲಿ ಅದನ್ನು ನಿಲ್ಲಿಸಿತು, ತಲೆಪೆಟ್ಟು ಹೆಚ್ಚುತ್ತಿದ್ದ ಕಾರಣಕ್ಕೆ. ತಲೆಗೆ ಪೆಟ್ಟು ಬಿದ್ದ ಮಗು ‘ನನಗೇನೂ ಆಗಿಲ್ಲ ಸರ್’ ಎಂದರೂ ಆ ದಿನ ಮತ್ತೆ ಆಡಬಾರದು. ತಲೆನೋವು, ವಾಂತಿ, ಮಂಕು, ಬೆಳಕು ಸಹಿಸದಿರುವುದು ಕಂಡರೆ ತಡಮಾಡದೆ ವೈದ್ಯರ ಬಳಿ ಒಯ್ಯಿರಿ, ವೈದ್ಯರು ಹೇಳಿದ ಮೇಲೆಯೇ ಸ್ಕೇಟು ಕಟ್ಟಲಿ. ನೆಲ ಒದ್ದೆಯಿದ್ದ ದಿನ ಗಾಲಿ ಆಟ ರದ್ದು. ಜೂನ್‌ನಿಂದ ಸೆಪ್ಟೆಂಬರ್ ತನಕ ಛಾವಣಿ ಇರುವ ಕಡೆ ಬೂಟು ಹಾಕಿಕೊಂಡೇ ಕೋಲಿನ ಅಭ್ಯಾಸ, ನಿಯಮ ಕಲಿಯುವುದು, ಸಾಮಾನು ರಿಪೇರಿ. ಐದರಿಂದ ಹದಿನೇಳು ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೊಬೈಲ್ ಹಿಡಿದು ಕೂತ ಮಗುವಿನ ಆರೋಗ್ಯದ ಅಪಾಯ ಪ್ಲಾಸ್ಟರಿನಂತೆ ಕಣ್ಣಿಗೆ ಕಾಣುವುದಿಲ್ಲ ಎಂದು ಹಿರಿಯರಿಗೆ ಹೇಳಬಹುದು.

ಇನ್ನೊಂದು ರಕ್ಷಣೆಯ ಬಗ್ಗೆ ಜನ ಮಾತಾಡಲು ಮುಜುಗರಪಡುತ್ತಾರೆ, ನೀವು ಪಡಬೇಡಿ. ಯಾವ ತರಬೇತುದಾರನೂ, ಎಷ್ಟೇ ಪರಿಚಿತನಾಗಿರಲಿ, ಒಂದು ಮಗುವಿನ ಜೊತೆ ಒಂಟಿಯಾಗಿ ಇರಕೂಡದು. ಸದಾ ಇಬ್ಬರು ದೊಡ್ಡವರು. ಹೊರಊರಿಗೆ ಹೋದಾಗ ಮಲಗುವ ವ್ಯವಸ್ಥೆ ಪಾಲಕರಿಗೆ ಮೊದಲೇ ತಿಳಿದಿರಬೇಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012ರಿಂದ ಜಾರಿಯಲ್ಲಿದೆ. ದೌರ್ಜನ್ಯ ಗೊತ್ತಿದ್ದೂ ತಿಳಿಸದೆ ಮುಚ್ಚಿಡುವುದು ಆ ಕಾಯ್ದೆಯಡಿ ಅಪರಾಧ ಎಂಬುದು ಕ್ಲಬ್ಬಿನ ಪ್ರತಿಯೊಬ್ಬ ಹಿರಿಯನಿಗೂ ಗೊತ್ತಿರಲಿ.

ಕಾಗದಪತ್ರದ ಕೆಲಸ ಕಷ್ಟದ್ದಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಆ ಏಳರಲ್ಲಿ ಆಡುವ ಮಕ್ಕಳಿಲ್ಲದ ಇಬ್ಬರನ್ನಾದರೂ ಸೇರಿಸಿ, ಲೆಕ್ಕಪತ್ರವನ್ನು ವರ್ಷಕ್ಕೊಮ್ಮೆ ಬಡಾವಣೆಯ ಸಭೆಯಲ್ಲಿ ಓದಿ. ದೊಡ್ಡ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಗೆ ಅರ್ಜಿ ಹಾಕುವ ಯೋಚನೆ ಇದ್ದರೆ, ಕಂಪನಿ ಕಾಯ್ದೆ 2013ರ ಏಳನೇ ಅನುಸೂಚಿಯಲ್ಲಿ ಗ್ರಾಮೀಣ, ರಾಷ್ಟ್ರೀಯ ಮಾನ್ಯತೆ ಪಡೆದ, ಪ್ಯಾರಾಲಿಂಪಿಕ್ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿ ಸೇರಿದೆ. ಐಸ್ ಹಾಕಿ ಒಲಿಂಪಿಕ್ ಕ್ರೀಡೆ, ಗಾಲಿಯ ಹಾಕಿ ಅಲ್ಲ. ಅರ್ಜಿಯಲ್ಲಿ ಎರಡನ್ನೂ ಕಲಸಿ ಬರೆಯಬೇಡಿ.

ಪದಕ, ಸ್ಪೋರ್ಟ್ಸ್ ಕೋಟಾ, ನೌಕರಿ ಎಂದು ಯಾರಿಗೂ ಆಸೆ ತೋರಿಸಬೇಡಿ. ಬಂದರೆ ಬರಲಿ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ಹಾಕಿ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲರಿದ್ದರು. ಅದೇ ತಂಡದ ಗೋಲ್‌ಕೀಪರ್ ಶಂಕರ ಲಕ್ಷ್ಮಣ ಅವರು ಮರಾಠಾ ಲಘು ಪದಾತಿ ದಳದ ಯೋಧರು, ಆ ದಳದ ಕೇಂದ್ರ ನಮ್ಮೂರಿನ ಕ್ಯಾಂಪಿನಲ್ಲೇ (ದಂಡು ಪ್ರದೇಶದಲ್ಲಿ) ಇದೆ. ಹುಲ್ಲಿನ ಮೇಲೆ ಆಡಿದ ಆ ಪರಂಪರೆಯ ಹಿರಿಯ ಆಟಗಾರರು, ನಿವೃತ್ತ ಯೋಧರು ಇಂದಿಗೂ ಊರಲ್ಲಿದ್ದಾರೆ. ಕೋಲು ಹಿಡಿಯುವ ಕೈಚಳಕ, ಜಾಗ ನೋಡಿ ಪಾಸ್ ಕೊಡುವ ಲೆಕ್ಕ ಎರಡೂ ಆಟಕ್ಕೆ ಒಂದೇ ಜಾತಿಯವು. ಅವರಲ್ಲಿ ಒಬ್ಬರನ್ನು ಭಾನುವಾರ ಕರೆಸಿ ನೋಡಿ. ಸ್ಕೇಟು ಹಾಕಿಕೊಳ್ಳದೆ ಗೆರೆಯ ಆಚೆ ನಿಂತೇ ಅವರು ಕಲಿಸಬಹುದಾದದ್ದು ಬಹಳಷ್ಟಿದೆ.

ಈಗ ಅರ್ಜಿಯ ಮಾತು. ಅಂಗಳವನ್ನು ಕಾಯಂ ಕೇಳಬೇಡಿ. ಮಳೆ ನಿಂತ ಮೇಲೆ ಅಕ್ಟೋಬರಿನಿಂದ ಫೆಬ್ರವರಿವರೆಗೆ ವಾರಕ್ಕೆ ನಾಲ್ಕು ಸಂಜೆ ಕೇಳಿ. ಉಳಿದ ಮೂರು ಸಂಜೆ ಅಂಗಳ ವಾಕಿಂಗಿನವರಿಗೆ, ಚಿಕ್ಕ ಮಕ್ಕಳ ಸೈಕಲ್ಲಿಗೆ ಇರಲಿ. ಮದುವೆ, ಹಬ್ಬ, ಸಭೆ ಇದ್ದ ದಿನ ಕ್ಲಬ್ಬು ತಾನಾಗಿ ಜಾಗ ಬಿಡುತ್ತದೆ, ಮರುದಿನ ಅಂಗಳ ಗುಡಿಸುವ ಕೆಲಸವೂ ಕ್ಲಬ್ಬಿನದೇ ಎಂದು ಬರೆಯಿರಿ. ಹಲಗೆಗೆ ಚೆಂಡು ಬಡಿಯುವ ಸದ್ದು ಅಕ್ಕಪಕ್ಕದವರಿಗೆ ಕಿರಿಕಿರಿ, ಹಾಗಾಗಿ ಎಂಟಕ್ಕೆ ದೀಪ ಆರಿಸುತ್ತೇವೆ, ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ದಿನಗಳಲ್ಲಿ ಆಡುವುದಿಲ್ಲ ಎಂದೂ ಸೇರಿಸಿ. ಫೆಬ್ರವರಿ ಕೊನೆಗೆ ಎಷ್ಟು ಮಕ್ಕಳು ಬಂದರು, ಅವರಲ್ಲಿ ಹುಡುಗಿಯರೆಷ್ಟು, ಕಪಾಟಿನ ಸ್ಕೇಟು ಬಳಸಿದವರೆಷ್ಟು, ಬಿಟ್ಟುಹೋದವರು ಯಾಕೆ ಬಿಟ್ಟರು, ಯಾರಿಗೆ ಏನು ಪೆಟ್ಟಾಯಿತು ಎಂಬ ಒಂದು ಪುಟದ ವರದಿ ಕೊಡುತ್ತೇವೆ, ಅದನ್ನು ನೋಡಿ ಮುಂದುವರಿಸುವುದೋ ಬಿಡುವುದೋ ನೀವೇ ತೀರ್ಮಾನಿಸಿ ಎಂದು ಹಿರಿಯರ ಕೈಗೆ ಬಿಡಿ. ವರದಿ ಬರೆಯುವ ಕೆಲಸವನ್ನು ಪಾಲಕರು ತೆಗೆದುಕೊಳ್ಳದೆ ಹದಿನಾಲ್ಕು ಹದಿನೈದರ ಮಕ್ಕಳಿಗೇ ಕೊಡಿ, ಸಭೆಯಲ್ಲಿ ಅವರೇ ಓದಲಿ. ಅರ್ಜಿ ಕೊಡುವ ಮುನ್ನ ನಿಯಮಗಳ ಕರಡು ಕಳಿಸಿದರೆ ಖಂಡಿತ ಓದಿ ತಿದ್ದಿಕೊಡುತ್ತೇನೆ.